ಪ್ರಶ್ನೆ ಊರಿನದು, ಓದು ಅವರದು

ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ ಭದ್ರಾ ಅಭಯಾರಣ್ಯದೊಳಗಿನ ಊರುಗಳ ಜನ ಬಂದು ನೆಲೆಸಿದ್ದು 2001–02ರ ಸುಮಾರಿಗೆ. ಭದ್ರಾ ಕಾಡು ಹುಲಿ ಯೋಜನೆಗೆ ಸೇರಿದ್ದು 1998ರಲ್ಲಿ. ಅದಾದ ಮೂರ್ನಾಲ್ಕು ವರ್ಷಗಳಲ್ಲಿ, ತಲೆಮಾರುಗಳಿಂದ ಕಾಡಿನೊಳಗೇ ಬದುಕಿದ್ದ ಕುಟುಂಬಗಳು ಮನೆ, ಗದ್ದೆ, ದೇವರ ಬನ ಬಿಟ್ಟು ಹೊರಬಂದವು. ಆ ಕುಟುಂಬಗಳನ್ನು 2002ರಲ್ಲಿ ಪ್ರಶ್ನಾವಳಿ ಹಿಡಿದು ಮಾತನಾಡಿಸಿದವರು ಕೃತಿ ಕಾರಂತ. ಶಿವರಾಮ ಕಾರಂತರ ಮೊಮ್ಮಗಳು. ಆಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿನಿ. 11 ಹಳ್ಳಿಗಳ 419 ಕುಟುಂಬಗಳ ಸ್ಥಳಾಂತರವೇ ಅವರ ಅಧ್ಯಯನದ ವಸ್ತು. 2006ರಲ್ಲಿ ಅವರು ಮತ್ತೆ ಬಂದು ಅದೇ ಜನರನ್ನು ಕೇಳಿದರು. ಮನೆ, ವಿದ್ಯುತ್ತು, ನೀರು, ಆಸ್ಪತ್ರೆ, ಶಾಲೆ, ಬಸ್ಸಿನ ಅನುಕೂಲಗಳು ಹೆಚ್ಚಿದ್ದನ್ನು ದಾಖಲಿಸಿದ ಆ ಪ್ರಬಂಧ 2007ರಲ್ಲಿ ‘ಬಯಾಲಾಜಿಕಲ್ ಕನ್ಸರ್ವೇಶನ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಲ್ಲಿ ಪ್ರಶ್ನೆ ಹಾಕಿದ್ದು ವಿದ್ಯಾರ್ಥಿನಿ, ಉತ್ತರಿಸಿದ್ದು ಊರು. ಇದನ್ನು ತಿರುವುಮುರುವು ಮಾಡಿದ ಓದಿನ ಕ್ರಮವೊಂದು ವಿದೇಶಿ ವಿಶ್ವವಿದ್ಯಾಲಯಗಳಲ್ಲಿ ಕೆಲವು ದಶಕಗಳಿಂದ ಬೇರೂರಿದೆ. ಅದರ ಹೆಸರು ಕ್ಯಾಪ್‌ಸ್ಟೋನ್. ಸಾರ್ವಜನಿಕ ಆಡಳಿತ, ಅಭಿವೃದ್ಧಿ ಅಧ್ಯಯನ, ಎಂಬಿಎ ಓದುವವರು ಸಾಮಾನ್ಯವಾಗಿ ಕೊನೆಯ ವರ್ಷದಲ್ಲಿ ಪ್ರಬಂಧದ ಬದಲು ಇದನ್ನು ಮಾಡುತ್ತಾರೆ. ಪ್ರಶ್ನೆ ಕೊಡುವುದು ಯಾವುದಾದರೂ ಸ್ವಯಂಸೇವಾ ಸಂಸ್ಥೆ ಅಥವಾ ಸರ್ಕಾರಿ ಇಲಾಖೆ. ನಾಲ್ಕಾರು ವಿದ್ಯಾರ್ಥಿಗಳ ತಂಡ ಒಬ್ಬ ಪ್ರಾಧ್ಯಾಪಕರ ಕಣ್ಗಾವಲಿನಲ್ಲಿ ಆ ಸಂಸ್ಥೆಗೆ ಸಲಹೆಗಾರರಾಗಿ ದುಡಿಯುತ್ತದೆ. ಸಂಸ್ಥೆ ಹೊರದೇಶದಲ್ಲಿದ್ದರೆ ತಂಡವೇ ಅಲ್ಲಿಗೆ ಹೋಗುತ್ತದೆ.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ವ್ಯಾಗ್ನರ್ ಸ್ಕೂಲ್, ಕೊಲಂಬಿಯಾ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಮತ್ತು ಸಾರ್ವಜನಿಕ ವ್ಯವಹಾರಗಳ ಶಾಲೆ ಇದಕ್ಕೆ ಹೆಸರಾದವು. ಹಾರ್ವರ್ಡ್‌ನ ಕೆನಡಿ ಸ್ಕೂಲಿನಲ್ಲೂ ಸಂಸ್ಥೆಯೊಂದರ ಸಮಸ್ಯೆ ಹಿಡಿದು ವಿಶ್ಲೇಷಣೆ ಬರೆಯದೆ ಸಾರ್ವಜನಿಕ ನೀತಿಯ ಪದವಿ ಕೈಗೆ ಬರುವುದಿಲ್ಲ. ಮಿಷಿಗನ್ ವಿಶ್ವವಿದ್ಯಾಲಯ 1992ರಿಂದಲೇ ಎಂಬಿಎ ವಿದ್ಯಾರ್ಥಿಗಳನ್ನು ಏಳು ವಾರ ಹೀಗೆ ಹೊರಗೆ ಕಳಿಸುತ್ತಿದೆ. ಅಲ್ಲಿ ಪಾಠ ಹೇಳುತ್ತಿದ್ದ ಸಿ.ಕೆ. ಪ್ರಹ್ಲಾದ್ ಅವರ 2004ರ ಪ್ರಸಿದ್ಧ ಪುಸ್ತಕದಲ್ಲಿ ಜೈಪುರದ ಕೃತಕ ಕಾಲಿನ ಸಂಸ್ಥೆಯ ಕುರಿತ ಅಧ್ಯಾಯಕ್ಕೆ ವಿದ್ಯಾರ್ಥಿಗಳ ಕ್ಷೇತ್ರಕಾರ್ಯವೇ ಆಧಾರ.

ನಡೆಯುವ ಬಗೆ ಸಾಮಾನ್ಯವಾಗಿ ಹೀಗೆ. ಸೆಪ್ಟೆಂಬರಿನಲ್ಲಿ ತಂಡ ಕೂಡುತ್ತದೆ. ಸಂಸ್ಥೆಯವರ ಜೊತೆ ವಾರವಾರ ಫೋನಿನಲ್ಲೋ ವಿಡಿಯೊದಲ್ಲೋ ಮಾತು. ಡಿಸೆಂಬರಿನೊಳಗೆ ಓದಬೇಕಾದ್ದನ್ನು ಓದಿ, ಜನವರಿ ರಜೆಯಲ್ಲಿ ಎರಡು ವಾರದ ಮಟ್ಟಿಗೆ ಊರಿಗೆ ಬರುತ್ತಾರೆ. ಕೆಲವು ತಂಡಗಳು ಮಾರ್ಚಿನಲ್ಲಿ ಇನ್ನೊಮ್ಮೆ. ಮೇ ತಿಂಗಳಿಗೆ ವರದಿ ಒಪ್ಪಿಸಿ, ಸಂಸ್ಥೆಯ ಮುಂದೆ ಮಂಡಿಸಿ ಪದವಿ ಪಡೆಯುತ್ತಾರೆ. ಇಷ್ಟರಲ್ಲಿ ಅತಿ ಕಷ್ಟದ ಕೆಲಸ ಮೊದಲ ತಿಂಗಳಿನದು. ಸಂಸ್ಥೆ ಏನು ಕೇಳುತ್ತಿದೆ, ತಂಡ ಏನು ಕೊಡಬಲ್ಲದು ಎಂಬುದನ್ನು ಒಂದೆರಡು ಪುಟದ ಒಪ್ಪಂದದಲ್ಲಿ ಬರೆದು ಎರಡೂ ಕಡೆಯವರು ಸಹಿ ಹಾಕಬೇಕು.

ಆ ಹಾಳೆಯ ಮಹತ್ವ ತಿಳಿಯಲು ನಮ್ಮ ಅಜ್ಜಂಪುರದ ಬೆಳೆಯನ್ನೇ ತೆಗೆದುಕೊಳ್ಳೋಣ. ಈರುಳ್ಳಿ ಬೆಳೆಗಾರರ ಸಂಘವೊಂದು ಇಂಥ ತಂಡವನ್ನು ಕರೆಸಿತು ಎಂದಿಟ್ಟುಕೊಳ್ಳಿ. ‘ನಮ್ಮ ರೈತರ ಬದುಕು ಸುಧಾರಿಸುವುದು ಹೇಗೆ?’ ಎಂದು ಸಂಘ ಕೇಳಿದರೆ ತಂಡಕ್ಕೆ ದಿಕ್ಕೇ ತೋಚದು. ಅದನ್ನು ಕಿರಿದು ಮಾಡುತ್ತಾ, ‘ಕಿತ್ತ ಕೂಡಲೇ ಸಿಕ್ಕ ಬೆಲೆಗೆ ಮಾರುವುದನ್ನು ನಮ್ಮ ಸದಸ್ಯರು ತಪ್ಪಿಸಬಹುದೇ?’ ಎಂಬಲ್ಲಿಗೆ ಬರಬೇಕು. ನ್ಯೂಯಾರ್ಕಿನಲ್ಲಿ ಕೂತ ತಂಡ ಲೆಕ್ಕ ಹಾಕಿ ‘ದಾಸ್ತಾನು ಮಾಡಿ, ಬೆಲೆ ಏರಿದಾಗ ಮಾರಿ’ ಎಂದು ಬರೆದುಬಿಡಬಹುದು. ಆದರೆ ಇಲ್ಲಿನದು ಮುಂಗಾರಿನ ಬೆಳೆ. ಮಳೆಯಲ್ಲಿ ಕಿತ್ತ ಗಡ್ಡೆಯಲ್ಲಿ ನೀರಿನಂಶ ಹೆಚ್ಚು; ಹಿಂಗಾರು, ಬೇಸಿಗೆಯ ಈರುಳ್ಳಿಯಂತೆ ಅದು ತಿಂಗಳುಗಟ್ಟಲೆ ತಡೆಯುವುದಿಲ್ಲ, ಕೊಳೆಯುತ್ತದೆ, ಮೊಳೆಯುತ್ತದೆ. ಹೊಲದ ಬದುವಿನಲ್ಲಿ ನಿಂತು ಒಂದು ಮೂಟೆ ಬಿಚ್ಚಿ ನೋಡಿದವರಿಗೆ ಇದು ಅರ್ಧ ಗಂಟೆಯಲ್ಲಿ ಅರ್ಥವಾಗುತ್ತದೆ. ವಿಮಾನದ ಖರ್ಚಿಗೆ ನ್ಯಾಯ ಸಿಗುವುದು ಅಲ್ಲಿ. ಪ್ರವಾಸವಿಲ್ಲದ ಸಲಹೆ ಎಷ್ಟೇ ಚೆಂದದ ಚಾರ್ಟುಗಳಲ್ಲಿ ಬಂದರೂ ನನಗೆ ನಂಬಿಕೆಯಿಲ್ಲ.

ಹೊರಗಿನಿಂದ ಬಂದ ವಿದ್ಯಾರ್ಥಿಗಳನ್ನು ಹಳ್ಳಿಯಲ್ಲಿ ದುಡಿಸಿಕೊಳ್ಳುವುದರಲ್ಲಿ ಕರ್ನಾಟಕಕ್ಕೆ ಒಳ್ಳೆಯ ಅನುಭವವಿದೆ. ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಹೆಗ್ಗಡದೇವನಕೋಟೆಯ ಜೇನುಕುರುಬ, ಕಾಡುಕುರುಬ ಹಾಡಿಗಳಲ್ಲಿ ಚಿಕಿತ್ಸೆ, ಶಾಲೆ ಎಂದು ಬೆಳೆದ ಸಂಸ್ಥೆ. ಬಾಲಸುಬ್ರಹ್ಮಣ್ಯಂ ಅವರೇ ಮುಂದೆ ಹಾರ್ವರ್ಡ್‌ನಲ್ಲಿ ಸಾರ್ವಜನಿಕ ಆಡಳಿತ ಓದಿ ಬಂದರು, ಕಾರ್ನೆಲ್‌ನಲ್ಲಿ ಪಾಠವನ್ನೂ ಹೇಳಿದರು. ಕಾರ್ನೆಲ್ ವಿದ್ಯಾರ್ಥಿಗಳು ಮೈಸೂರು, ಸರಗೂರಿಗೆ ಬಂದು ಆ ಸಂಸ್ಥೆಯ ಜೊತೆ ಕೆಲಸ ಮಾಡಿದ್ದಾರೆ. ಹಾಡಿಯನ್ನು ಹತ್ತಾರು ವರ್ಷ ಬಲ್ಲ ಕಾರ್ಯಕರ್ತರು ಹೊರಗಿನ ವಿದ್ಯಾರ್ಥಿಗೂ ಊರಿಗೂ ನಡುವೆ ಇರುವುದು ಇಲ್ಲಿನ ದೊಡ್ಡ ಬಲ. ಹಾಡಿಯ ಹೆಂಗಸು ಮಾತು ನಿಲ್ಲಿಸಿದಾಗ ಅದು ಸಂಕೋಚವೋ ಬೇಸರವೋ ಎಂದು ಹೇಳಬಲ್ಲವರು ಅವರು ಮಾತ್ರ.

ನಮ್ಮ ಮಗ್ಗುಲಲ್ಲೇ, ಲಕ್ಕವಳ್ಳಿಗೆ ಅಂಟಿಕೊಂಡಂತಿರುವ ಶಂಕರಘಟ್ಟದಲ್ಲಿ, 1987ರಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾಲಯವಿದೆ. ಅದರಂಥ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವವರಿಗೆ ವಾರದ ಕ್ಷೇತ್ರಕಾರ್ಯ, ಗ್ರಾಮೀಣ ಶಿಬಿರ, ಕೊನೆಗೆ ಸಂಸ್ಥೆಯೊಂದರಲ್ಲಿ ತಿಂಗಳ ಕಾಲದ ಬ್ಲಾಕ್ ಪ್ಲೇಸ್‌ಮೆಂಟ್ ಇದ್ದೇ ಇರುತ್ತದೆ. ಕ್ಯಾಪ್‌ಸ್ಟೋನ್‌ಗೆ ಇದೇ ಹತ್ತಿರದ ನಂಟ. ಒಂದು ವ್ಯತ್ಯಾಸ ಮಾತ್ರ ಎದ್ದು ಕಾಣುತ್ತದೆ. ಇಲ್ಲಿ ವಿದ್ಯಾರ್ಥಿ ಸಂಸ್ಥೆಯ ಕೈಕೆಳಗೆ ಕೆಲಸ ಕಲಿಯುತ್ತಾನೆ, ಕೊನೆಗೆ ಒಪ್ಪಿಸುವ ವರದಿ ವಿಭಾಗಕ್ಕೆ. ಕ್ಯಾಪ್‌ಸ್ಟೋನ್‌ನಲ್ಲಿ ವರದಿಯ ಮೊದಲ ಓದುಗ ಸಂಸ್ಥೆಯೇ, ಅಂಕ ಆಮೇಲಿನದು. ನಮ್ಮ ಮಕ್ಕಳೂ ‘ಸಂಸ್ಥೆ ಕೇಳಿದ ಪ್ರಶ್ನೆಗೆ ಉತ್ತರ’ ಎಂದು ಬರೆದು ಕೊಡುವಂತಾದರೆ ಆ ಒಂದು ತಿಂಗಳ ತೂಕವೇ ಬೇರೆ.

ಕ್ಯಾಪ್‌ಸ್ಟೋನ್‌ನ ದೊಡ್ಡ ಕೊರತೆಯೂ ಸೆಪ್ಟೆಂಬರಿನಿಂದ ಮೇವರೆಗಿನ ಆ ಕ್ಯಾಲೆಂಡರಿನಲ್ಲೇ ಇದೆ. ಮೇ ತಿಂಗಳಿಗೆ ಪದವಿ ಮುಗಿದು ತಂಡ ಚದುರುತ್ತದೆ. ಸಲಹೆಯಂತೆ ನಡೆದ ಸಂಸ್ಥೆ ಗೆದ್ದಿತೋ ಸೋತಿತೋ ನೋಡಲು ಯಾರೂ ಬರುವುದಿಲ್ಲ. ಭದ್ರಾದ ಅಧ್ಯಯನವನ್ನು ನಾನು ಮೊದಲಿಗೇ ಹೇಳಿದ್ದು ಇದಕ್ಕೇ: ಅಲ್ಲಿ ನಾಲ್ಕು ವರ್ಷ ಬಿಟ್ಟು ಮರಳಿ ಕೇಳಿದ್ದಾರೆ. ಹೊಸ ಊರಿನಲ್ಲಿ ಬೇರೂರುವುದು ಎರಡು ವಾರದಲ್ಲಿ ಅಳೆಯುವ ಸಂಗತಿಯಲ್ಲ. ಇನ್ನೊಂದು ಕೊರತೆ ಭಾಷೆಯದು. ವರದಿ ಇಂಗ್ಲಿಷಿನಲ್ಲಿರುತ್ತದೆ, ಸಂಸ್ಥೆಯ ಕಚೇರಿಯವರು ಓದುತ್ತಾರೆ, ಉತ್ತರ ಕೊಟ್ಟ ರೈತರಿಗೂ ತಾಯಂದಿರಿಗೂ ಅದು ಮುಟ್ಟುವುದಿಲ್ಲ.

ತರೀಕೆರೆ, ಕಡೂರು, ಬೀರೂರಿನ ಹುಡುಗ ಹುಡುಗಿಯರೂ ಈಗ ಹೊರದೇಶದಲ್ಲಿ ಎಂಎಸ್, ಎಂಬಿಎ ಓದುತ್ತಿದ್ದಾರೆ. ಅವರ ಪಠ್ಯದಲ್ಲಿ ಇಂಥ ಕೋರ್ಸಿದ್ದರೆ ಊರಿನ ಸಂಸ್ಥೆಯ ಹೆಸರನ್ನು ಅವರೇ ಸೂಚಿಸಬಹುದು. ತಂಡದಲ್ಲಿ ಕನ್ನಡ ಬಲ್ಲವರೊಬ್ಬರಿದ್ದರೆ ಅರ್ಧ ಕೆಲಸ ಹಗುರ. ಇಲ್ಲಿನ ಹಾಲಿನ ಸಂಘ, ಸ್ತ್ರೀಶಕ್ತಿ ಒಕ್ಕೂಟ, ರೈತ ಉತ್ಪಾದಕ ಕಂಪನಿಗಳಿಗೂ ಒಂದು ಮಾತು. ಸಹಿ ಹಾಕುವ ಮುನ್ನ ಆ ಒಪ್ಪಂದದಲ್ಲಿ ಎರಡು ಸಾಲು ಸೇರಿಸಲು ಕೇಳಿ: ವರದಿಯ ಸಾರ ಕನ್ನಡದಲ್ಲಿ ಬರಬೇಕು, ಅದನ್ನು ಸಂಘದ ಸಭೆಯಲ್ಲಿ ತಂಡದವರೇ ಓದಬೇಕು. ಒಪ್ಪಂದ ಬರೆಯುವುದು ಸೆಪ್ಟೆಂಬರಿನಲ್ಲಾದರೂ ಸಂಸ್ಥೆಗಳಿಂದ ಪ್ರಸ್ತಾವ ಕೇಳುವುದು ಅದಕ್ಕೂ ಮೊದಲೇ. ಆದ್ದರಿಂದ ಬೇಸಿಗೆಯಲ್ಲೇ ಪತ್ರ ವ್ಯವಹಾರ ಶುರುಮಾಡುವುದು ಒಳ್ಳೆಯದು.