ವಿಹಾರ ದೋಣಿಯ ಅವಘಡ: ಮಾಲೀಕರ ಕಾನೂನು ಹೊಣೆ ಮತ್ತು ವರದಿಯ ಕರ್ತವ್ಯ

ಫರಂಗಿಪೇಟೆಯ ಬೆನ್ನಿಗೇ ನೇತ್ರಾವತಿ ಹರಿಯುತ್ತದೆ. ಕಡವು ದಾಟಲು, ಸರಕು ಸಾಗಿಸಲು ಬಳಕೆಯಾಗುತ್ತಿದ್ದ ದೋಣಿ ಈಗ ವಿಹಾರದ ಸಾಧನವೂ ಆಗಿದೆ. 2016ರ ರಾಷ್ಟ್ರೀಯ ಜಲಮಾರ್ಗಗಳ ಅಧಿನಿಯಮವು ಈ ನದಿಯನ್ನು 74ನೆಯ ರಾಷ್ಟ್ರೀಯ ಜಲಮಾರ್ಗವೆಂದು ಘೋಷಿಸಿದೆ. ನದಿತೀರದಲ್ಲಿ ವಸತಿಗೃಹ ಅಥವಾ ಉಪಾಹಾರಗೃಹ ನಡೆಸುವ ವರ್ತಕರು ಗಿರಾಕಿಗಳ ಅನುಕೂಲಕ್ಕೆಂದು ಒಂದು ದೋಣಿಯನ್ನು ಇಟ್ಟುಕೊಂಡರೆ, ಅದರೊಂದಿಗೆ ಬರುವ ಕಾನೂನಿನ ಹೊಣೆಯನ್ನೂ ಅರಿತಿರುವುದು ಅಗತ್ಯ.

ಈ ಎಚ್ಚರಿಕೆಗೆ ಕಾರಣವಿದೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದವರ ದೋಣಿ ಸಮುದ್ರದಲ್ಲಿ ಮಗುಚಿ 16 ಮಂದಿ ಮೃತಪಟ್ಟರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ವಿಹಾರ ದೋಣಿ ಮುಳುಗಿ 22 ಮಂದಿ, 2024ರ ಜನವರಿ 18ರಂದು ವಡೋದರದ ಹರ್ಣಿ ಕೆರೆಯಲ್ಲಿ 12 ವಿದ್ಯಾರ್ಥಿಗಳೂ ಸೇರಿ 14 ಮಂದಿ ಪ್ರಾಣ ಕಳೆದುಕೊಂಡರು.

ಅನ್ವಯವಾಗುವ ಕಾನೂನು

ನದಿ, ಕೆರೆ, ಹಿನ್ನೀರುಗಳ ಯಾಂತ್ರಿಕ ದೋಣಿಗಳಿಗೆ ದೀರ್ಘಕಾಲ 1917ರ ಒಳನಾಡು ನೌಕೆಗಳ ಅಧಿನಿಯಮ ಅನ್ವಯಿಸುತ್ತಿತ್ತು. ಅದರ ಸ್ಥಾನದಲ್ಲಿ 2021ರ ಅಧಿನಿಯಮವು 2022ರ ಜೂನ್‌ನಲ್ಲಿ ಜಾರಿಗೆ ಬಂದಿತು. ಯಾಂತ್ರಿಕ ದೋಣಿಗೆ ನೋಂದಣಿ, ಸರ್ವೆ ಪ್ರಮಾಣಪತ್ರ, ಅರ್ಹ ಚಾಲಕ ಮತ್ತು ಚಾಲ್ತಿಯಲ್ಲಿರುವ ವಿಮೆ ಇರತಕ್ಕದ್ದು. ಹುಟ್ಟು ಹಾಕುವ ಸಾದಾ ದೋಣಿಗಳಿಗೂ ಪ್ರತ್ಯೇಕ ಅಧ್ಯಾಯವಿದ್ದು, ಅವುಗಳ ಆಡಳಿತವನ್ನು ಪಂಚಾಯಿತಿ ಮಟ್ಟದವರೆಗೂ ವಹಿಸಿಕೊಡಲು ಅವಕಾಶವಿದೆ. ಆದ್ದರಿಂದ ಯಂತ್ರವಿಲ್ಲದ ದೋಣಿಗೆ ಕಾನೂನೇ ಇಲ್ಲವೆಂಬ ಭಾವನೆ ಸರಿಯಲ್ಲ.

ಯಾರಿಗೆ, ಯಾವಾಗ ತಿಳಿಸಬೇಕು?

ಮೊದಲ ಕರ್ತವ್ಯ ಜೀವರಕ್ಷಣೆ. ಅದರ ಜೊತೆಗೇ 112 ಸಂಖ್ಯೆಗೆ ಕರೆ ಮಾಡಿ, ಸಮೀಪದ ಪೊಲೀಸ್ ಠಾಣೆಗೆ ಮಾಹಿತಿ ನೀಡಬೇಕು. ಮರಣ ಸಂಭವಿಸಿದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನಂತೆ ಪೊಲೀಸ್ ವಿಚಾರಣೆ ನಡೆಯುತ್ತದೆ. ಇದಕ್ಕೆ ಹೊರತಾಗಿ, ದೋಣಿಯ ಮಾಲೀಕ, ನಿರ್ವಾಹಕ ಅಥವಾ ಚಾಲಕನು ಅವಘಡವನ್ನು ರಾಜ್ಯ ಸರ್ಕಾರ ನಿಯೋಜಿಸಿದ ಪ್ರಾಧಿಕಾರಕ್ಕೆ ವರದಿ ಮಾಡಬೇಕೆಂದು 2021ರ ಅಧಿನಿಯಮ ವಿಧಿಸುತ್ತದೆ. ಪೊಲೀಸರಿಗೆ ತಿಳಿಸಿದ ಮಾತ್ರಕ್ಕೆ ಈ ಕರ್ತವ್ಯ ಮುಗಿಯುವುದಿಲ್ಲ. ವರದಿಯನ್ನು ಯಾವ ಕಚೇರಿಗೆ ಸಲ್ಲಿಸಬೇಕೆಂಬುದನ್ನು ದೋಣಿ ನೀರಿಗಿಳಿಸುವ ಮೊದಲೇ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯಲ್ಲಿ ವಿಚಾರಿಸಿ ಬರೆದಿಟ್ಟುಕೊಳ್ಳುವುದು ಕ್ಷೇಮ.

ವಿಮಾ ಕಂಪೆನಿಗೂ ವಿಳಂಬವಿಲ್ಲದೆ ಲಿಖಿತ ಸೂಚನೆ ಹೋಗಬೇಕು. ಮೃತಪಟ್ಟವನು ಅಥವಾ ಗಾಯಗೊಂಡವನು ಕೆಲಸದಲ್ಲಿದ್ದ ನೌಕರನಾಗಿದ್ದರೆ, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ ಪರಿಹಾರದ ಪ್ರಶ್ನೆ ಉದ್ಭವಿಸುತ್ತದೆ. ಸಂಸ್ಥೆಯು ಇ.ಎಸ್.ಐ. ವ್ಯಾಪ್ತಿಯಲ್ಲಿದ್ದರೆ ಅಲ್ಲಿಗೂ ಅಪಘಾತದ ವರದಿ ಸಲ್ಲಿಸಬೇಕು.

ಹಣ ಕೊಟ್ಟು ಮುಗಿಸಬಹುದೆ?

ಊರಿನ ಹಿರಿಯರ ಸಮ್ಮುಖದಲ್ಲಿ ಒಂದು ಮೊತ್ತ ಕೊಟ್ಟರೆ ಪ್ರಕರಣ ಮುಗಿಯಿತೆಂದು ಹಲವರು ನಂಬುತ್ತಾರೆ. ಅಪಾಯವಿರುವುದು ಇಲ್ಲಿಯೇ. ನಿರ್ಲಕ್ಷ್ಯದಿಂದ ಮರಣ ಉಂಟುಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ಐದು ವರ್ಷಗಳವರೆಗೆ ಶಿಕ್ಷೆಯಾಗಬಹುದು. ಇದು ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿಲ್ಲ. ಜೀವಕ್ಕೆ ಅಪಾಯವಾಗುವಷ್ಟು ಭಾರ ಹೇರಿದ ಅಥವಾ ಸುಸ್ಥಿತಿಯಲ್ಲಿಲ್ಲದ ದೋಣಿಯಲ್ಲಿ ಬಾಡಿಗೆ ಪಡೆದು ಜನರನ್ನು ಒಯ್ಯುವುದು 284ನೆಯ ಕಲಮಿನಂತೆ ಪ್ರತ್ಯೇಕ ಅಪರಾಧ. ಯಾರಿಗೂ ಗಾಯವಾಗದಿದ್ದರೂ ಈ ಕಲಮು ಅನ್ವಯಿಸುತ್ತದೆ.

ವಿಮೆಯ ದೃಷ್ಟಿಯಿಂದಲೂ ಖಾಸಗಿ ಒಪ್ಪಂದ ಹಾನಿಕರ. ಕಂಪೆನಿಯ ಲಿಖಿತ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳಬಾರದು, ಹಣ ಪಾವತಿಸಬಾರದು ಎಂಬ ಷರತ್ತು ಹೊಣೆಗಾರಿಕೆ ವಿಮೆಯ ಪಾಲಿಸಿಗಳಲ್ಲಿ ಸಾಮಾನ್ಯ. ಅದನ್ನು ಮುರಿದರೆ ಕೊಟ್ಟ ಹಣವೂ ಹೋಗಿ, ವಿಮೆಯ ಹಕ್ಕೂ ವಿವಾದಕ್ಕೆ ಸಿಲುಕುತ್ತದೆ. ಟಿಕೇಟು ಪಡೆದು ಹತ್ತಿದ ಪ್ರಯಾಣಿಕನು ಗ್ರಾಹಕನೂ ಹೌದು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ಎರಡು ವರ್ಷಗಳೊಳಗೆ ಅವನು ಅಥವಾ ಅವನ ವಾರಸುದಾರರು ಆಯೋಗಕ್ಕೆ ದೂರು ಸಲ್ಲಿಸಬಹುದು. ಸಂತ್ರಸ್ತರಿಗೆ ತುರ್ತು ಚಿಕಿತ್ಸೆ ಕೊಡಿಸುವುದಕ್ಕೆ ಇದಾವುದೂ ಅಡ್ಡಿಯಲ್ಲ. ಅದು ಮಾನವೀಯ ಧರ್ಮ.

ಲೆಕ್ಕಪತ್ರಗಳಲ್ಲಿ

ಕಾನೂನು ಉಲ್ಲಂಘನೆಗಾಗಿ ತೆತ್ತ ದಂಡವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯಾಪಾರದ ಖರ್ಚೆಂದು ಕಳೆಯಲು ಬರುವುದಿಲ್ಲ. ಬಾಕಿಯಿರುವ ಪರಿಹಾರದ ದಾವೆಯನ್ನು ಲೆಕ್ಕ ಮಾನಕ 29ರಂತೆ ಪರಿಶೀಲಿಸಬೇಕು. ಪಾವತಿ ಸಂಭವನೀಯವಾಗಿದ್ದು ಮೊತ್ತವನ್ನು ಅಂದಾಜಿಸಬಹುದಾದರೆ ಅದಕ್ಕೆ ಹಣ ಕಾದಿರಿಸಬೇಕು. ಇಲ್ಲವಾದರೆ ಸಂಭಾವ್ಯ ಹೊಣೆಯೆಂದು ಟಿಪ್ಪಣಿಯಲ್ಲಿ ತೋರಿಸಬೇಕು. ಇದನ್ನು ಮುಚ್ಚಿಟ್ಟ ಅಢಾವೆ ಪತ್ರಿಕೆಯನ್ನು ನಂಬಿ ಸಾಲ ಕೊಟ್ಟ ಬ್ಯಾಂಕು ಮುಂದೆ ಪ್ರಶ್ನಿಸದೆ ಇರದು.

ಕಾದಿರಿಸಬೇಕಾದ ದಾಖಲೆಗಳು

ನೋಂದಣಿ ಮತ್ತು ಸರ್ವೆ ಪ್ರಮಾಣಪತ್ರ, ವಿಮಾ ಪಾಲಿಸಿ, ಚಾಲಕನ ಅರ್ಹತಾ ಪತ್ರ, ಪ್ರತಿ ಪ್ರಯಾಣದ ಜನರ ಪಟ್ಟಿ, ಲೈಫ್ ಜಾಕೆಟ್‌ಗಳ ಖರೀದಿ ಬಿಲ್ಲು, ದುರಸ್ತಿಯ ವಿವರ ಇವೆಲ್ಲವೂ ದಡದ ಕಚೇರಿಯಲ್ಲೂ ಇರಬೇಕು. ಅವಘಡದ ಬಳಿಕ ದೋಣಿಯನ್ನಾಗಲಿ ದಾಖಲೆಯನ್ನಾಗಲಿ ತಿದ್ದುವುದು ಹೊಸದೊಂದು ಅಪರಾಧಕ್ಕೆ ದಾರಿ. ಜನರ ಪಟ್ಟಿಯೊಂದು ಕೈಯಲ್ಲಿದ್ದರೆ ನೀರಿನಲ್ಲಿ ಇನ್ನೂ ಎಷ್ಟು ಮಂದಿಯನ್ನು ಹುಡುಕಬೇಕೆಂಬುದು ಆ ಕ್ಷಣವೇ ತಿಳಿಯುತ್ತದೆ. ಮಾಲೀಕನ ರಕ್ಷಣೆಗೆ ಒದಗುವ ದಾಖಲೆಯೇ ಪ್ರಯಾಣಿಕನ ಪ್ರಾಣರಕ್ಷಣೆಗೂ ಒದಗುತ್ತದೆಂಬುದನ್ನು ವರ್ತಕ ಬಾಂಧವರು ಗಮನಿಸುವುದು ಹಿತಕರ.