ಚಕೋರದ ಮನೆ

ಚಂದ್ರೋದಯದ ಪದ್ಯವೊಂದನ್ನು ತರಗತಿಯಲ್ಲಿ ವಿವರಿಸುತ್ತಿದ್ದೆ. ಚಕೋರವು ಬೆಳದಿಂಗಳನ್ನುಂಡು ಬದುಕುವುದೆಂಬ ಕವಿಸಮಯವನ್ನು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬ ಎದ್ದು, “ಅದರ ಮನೆ ಎಲ್ಲಿ, ಸಾರ್?” ಎಂದ. ಹುಡುಗರು ನಕ್ಕರು. ನಾನೂ ನಕ್ಕೆ, ಆದರೆ ಉತ್ತರ ತಿಳಿದಿರಲಿಲ್ಲ.

ತ್ಯಾಗರಾಜನಗರದ ಮನೆಗೆ ಬಂದು ಪುಸ್ತಕಗಳನ್ನು ತಿರುವಿದೆ. ಕವಿಗಳ ಚಕೋರವೆಂದು ಗುರುತಿಸಲಾಗುವ ಹಕ್ಕಿ ಹಿಮಾಲಯದ ಒಣ ಇಳಿಜಾರುಗಳ ನಿವಾಸಿ. ಅದು ದಟ್ಟ ಕಾಡನ್ನು ಒಲ್ಲದು. ಕಲ್ಲು, ಹುಲ್ಲು, ಅಲ್ಲೊಂದು ಇಲ್ಲೊಂದು ಪೊದೆ, ಬೇಸಿಗೆಯಲ್ಲಿ ಸಮೀಪದಲ್ಲೊಂದು ನೀರಿನ ಸೆಲೆ, ಇಷ್ಟಿದ್ದರೆ ಸಾಕು. ಹೆದರಿದಾಗ ಅದು ಬೆಟ್ಟದ ಮೇಲಕ್ಕೆ ಓಡುವುದು, ಹಾರಬೇಕಾದರೆ ಕೆಳಕ್ಕೆ ಹಾರುವುದು. ಇಳಿಜಾರು ಅದಕ್ಕೆ ಬರಿಯ ನೆಲೆಯಲ್ಲ, ರಕ್ಷೆಯೂ ಹೌದು. ಬೆಳದಿಂಗಳಲ್ಲ, ಬೀಜ, ಚಿಗುರು, ಹುಳುಗಳೇ ಅದರ ಊಟ.

ಅದರ ಬಳಗ ನಮ್ಮ ನೆರೆಯಲ್ಲಿಯೂ ಉಂಟು. 1,478 ಮೀಟರ್ ಎತ್ತರದ ನಂದಿಬೆಟ್ಟದಲ್ಲಿ, ಮಂಜಿನಿಂದ ತಂಪಾದ ಮರಗಳಡಿಯ ಪೊದೆಗಳಲ್ಲಿ, ಕೆಂಪು ಚಿಟ್ಟುಕೋಳಿ ತರಗೆಲೆ ಕೆದಕುವುದು. ಅದರ ದಾಯಾದಿ, ಬಿಳಿ ಚುಕ್ಕೆಯ ಚಿಟ್ಟುಕೋಳಿಗೆ ಆ ತಂಪು ಬೇಡ. ರಾಮನಗರದ ಬಿಸಿಲು ಕಾದ ಬಂಡೆಗಳ ಸಂದು ಬೇಕು. ಗೌಜಲಹಕ್ಕಿಗಾದರೋ ಬಯಲಿನ ಕುರುಚಲು ಕಾಡು. ಅದು ಓಡಾಡಿ ಗೆದ್ದಲು ಹೆಕ್ಕಲು ತೆರೆದ ನೆಲ ಬೇಕು. ಮೊಟ್ಟೆ ಮರೆಸಲು ಹುಲ್ಲಿನ ಬುಡ ಬೇಕು. ರಾತ್ರಿ ತಂಗಲು ಮುಳ್ಳಿನ ಗಿಡ ಬೇಕು. ಮೂರರಲ್ಲಿ ಒಂದು ತಪ್ಪಿದರೂ ಆ ಮನೆ ಮನೆಯಲ್ಲ.

ಇದನ್ನು ಓದುತ್ತಿದ್ದಂತೆ ಹಳೆಯದೊಂದು ದಿನ ನೆನಪಾಯಿತು. ಹಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಊರಾಚೆಯ ಗುಡ್ಡವೊಂದಕ್ಕೆ ಹೋಗಿದ್ದೆ. ಅದನ್ನು ಬಂಜರೆಂದು ತಿಳಿದು, ಮುಳ್ಳುಪೊದೆಗಳನ್ನು ಸವರಿ, ಸಾಲಾಗಿ ಸಸಿ ನೆಟ್ಟು, ಪುಣ್ಯಕಾರ್ಯ ಮಾಡಿದೆವೆಂದು ಫೋಟೋ ತೆಗೆಸಿಕೊಂಡು ಬಂದೆವು. ಆ ದಿನ ಪೊದೆಯೊಳಗಿಂದ ಪುರ್ರೆಂದು ಎದ್ದು ಹೋದ ಹಕ್ಕಿಗಳು ಯಾವುವೆಂದು ನಾನು ಕೇಳಲೂ ಇಲ್ಲ. ಬಂಜರು ಎಂಬ ಮಾತು ನೆಲವನ್ನು ಕುರಿತು ಹೇಳಿದ್ದಲ್ಲ. ನನ್ನ ಕಣ್ಣನ್ನು ಕುರಿತು ಹೇಳಿದ್ದು ಎಂದು ಈಗ ತೋರುತ್ತದೆ.

ಕಳೆದ ಭಾನುವಾರ ಆ ವಿದ್ಯಾರ್ಥಿಯೊಡನೆ ಕನಕಪುರ ರಸ್ತೆಯ ಬಳಿಯ ತುರಹಳ್ಳಿ ಕಾಡಿಗೆ ಹೋದೆ. ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆಯನ್ನು 2021ರಲ್ಲಿ ನಾಗರಿಕರು ವಿರೋಧಿಸಿದ್ದರು. ಅಂದು ಪತ್ರಿಕೆಯಲ್ಲಿ ಅದನ್ನೋದಿ, ಉದ್ಯಾನ ಬೇಡವೆನ್ನುವವರೂ ಉಂಟೇ ಎಂದು ನಾನು ಅಚ್ಚರಿಪಟ್ಟಿದ್ದೆ. ಬಂಡೆಯ ಮೇಲೆ ಸುಮ್ಮನೆ ಕುಳಿತೆವು. ಬಹಳ ಹೊತ್ತಿನ ಮೇಲೆ ಮುಳ್ಳುಪೊದೆಯ ಮರೆಯಿಂದ ಗೌಜಲದ ಕೂಗು ಎದ್ದಿತು: ಒಂದೇ ಸಮನೆ, ಯಾರನ್ನೋ ಅವಸರದಿಂದ ಕರೆದಂತೆ. ಹಕ್ಕಿ ಕಾಣಲಿಲ್ಲ.

“ಅಗೋ ಕೇಳಪ್ಪ, ನಿನ್ನ ಪ್ರಶ್ನೆಗೆ ಉತ್ತರ,” ಎಂದೆ.

ಅವನು ತುಟಿಯ ಮೇಲೆ ಬೆರಳಿಟ್ಟ. ಮೇಷ್ಟರಾದ ನಾನು ಬಾಯಿ ಮುಚ್ಚಿ ಆಲಿಸಿದೆ.