ಬಚ್ಚಲ ಬಾಗಿಲಿನ ಹಿಡಿಕೆ ಮತ್ತು ಬೀಗ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಮಳೆಗಾಲವನ್ನು ಕಂಡವರಿಗೆ ಮರದ ಬಾಗಿಲಿನ ಹಟ ಹೊಸದಲ್ಲ. ವರ್ಷಕ್ಕೆ 2,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಘಟ್ಟದ ಮೇಲಿನ ಸೀಮೆಯಲ್ಲಿ, ಜೂನ್ ತಿಂಗಳು ಮೊದಲಾಯಿತೆಂದರೆ ಮರದ ಹಲಗೆಯು ಗಾಳಿಯ ತೇವವನ್ನು ಹೀರಿ ಅಗಲದಲ್ಲಿ ಹಿಗ್ಗುತ್ತದೆ. ಕದವು ದಾರಂದಕ್ಕೆ ಕಚ್ಚಿಕೊಳ್ಳುತ್ತದೆ. ಸದಾ ನೀರು ಚಿಮ್ಮುವ ಬಚ್ಚಲಮನೆಯಲ್ಲಂತೂ ಕದದ ಬುಡವೇ ಕೊಳೆತುಹೋಗುವುದುಂಟು. ಈ ಕಾರಣದಿಂದಲೇ ಈಚಿನ ದಶಕಗಳಲ್ಲಿ ಅನೇಕ ಮನೆಗಳ ಬಚ್ಚಲಿಗೆ ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕಿನ ಕದಗಳು ಬಂದಿವೆ. ಇವು ನೀರನ್ನು ಹೀರುವುದಿಲ್ಲ; ಇವಕ್ಕೆ ಗೆದ್ದಲು ಹತ್ತುವುದಿಲ್ಲ. ಆದರೆ ಕದವು ಬಾಳಿದರೂ ಅದರ ಹಿಡಿಕೆ ಮತ್ತು ಬೀಗಗಳು ಬಾಳುವುದಿಲ್ಲ. ಹಿಡಿಕೆ ಸಡಿಲವಾಗುತ್ತದೆ, ನಾಲಗೆ ಸಿಕ್ಕಿಕೊಳ್ಳುತ್ತದೆ, ಒಂದು ದಿನ ಬಾಗಿಲು ತೆರೆಯುವುದೇ ಇಲ್ಲ.

ಇದು ಕ್ಷುಲ್ಲಕ ವಿಷಯವೆಂದು ವಾಚಕರು ಎಣಿಸಬಾರದು. ಒಳಗೆ ಸಿಕ್ಕಿಬಿದ್ದಿರುವುದು ಚಿಕ್ಕ ಮಗುವಾಗಿರಬಹುದು, ಜಾರಿಬಿದ್ದ ವೃದ್ಧರಾಗಿರಬಹುದು. ಒಳಗೇ ಹಂಡೆಯ ಒಲೆ ಉರಿಯುವ ಅಥವಾ ಗ್ಯಾಸ್ ಗೀಸರ್ ಇರುವ ಬಚ್ಚಲಲ್ಲಿ, ಗಾಳಿಯಾಡದಿದ್ದರೆ ಕಾರ್ಬನ್ ಮಾನಾಕ್ಸೈಡ್ ಅನಿಲವು ಸೇರಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣಾಪಾಯಕಾರಿ. ಅಂತಹ ಕೋಣೆಯ ಬಾಗಿಲು ತೆರೆಯಬೇಕಾದಾಗ ತೆರೆಯಲೇಬೇಕು. ಆದುದರಿಂದ ಹಿಡಿಕೆಯು ಏಕೆ ಕೆಡುತ್ತದೆ, ಅದನ್ನು ಹೇಗೆ ಸರಿಪಡಿಸಬಹುದು ಎಂಬುದನ್ನು ಇಲ್ಲಿ ವಿಚಾರಿಸೋಣ.

ಪಿ.ವಿ.ಸಿ.ಯ ಸ್ವಭಾವ

1872ರಲ್ಲಿ ಜರ್ಮನಿಯ ಯೂಗೆನ್ ಬೌಮನ್ ಎಂಬ ರಸಾಯನಶಾಸ್ತ್ರಜ್ಞನು, ವಿನೈಲ್ ಕ್ಲೋರೈಡ್ ಅನಿಲವನ್ನು ತುಂಬಿ ಬಿಸಿಲಿಗೆ ಇಟ್ಟ ಗಾಜಿನ ಪಾತ್ರೆಯಲ್ಲಿ ಬಿಳಿಯ ಘನವಸ್ತುವೊಂದು ಉಂಟಾದುದನ್ನು ವರದಿ ಮಾಡಿದನು. ಅದೇ ಪಾಲಿವಿನೈಲ್ ಕ್ಲೋರೈಡ್, ಅಂದರೆ ಪಿ.ವಿ.ಸಿ. 1926ರಲ್ಲಿ ಅಮೆರಿಕದ ವಾಲ್ಡೋ ಸೆಮನ್ ಅದನ್ನು ಮೃದುಗೊಳಿಸುವ ಉಪಾಯವನ್ನು ಕಂಡುಹಿಡಿದ ಮೇಲೆ ಅದರ ಬಳಕೆ ಹಬ್ಬಿತು. ಕದಕ್ಕೆ ಬಳಸುವುದು ಮೃದುಗೊಳಿಸದ ಗಡಸು ಜಾತಿ.

ನಮಗೆ ಇಲ್ಲಿ ಬೇಕಾದ ಗುಣಗಳು ಮೂರು. ಮೊದಲನೆಯದು, ಶಾಖದಿಂದ ಅದು ಲೋಹಕ್ಕಿಂತ ಬಹಳ ಹೆಚ್ಚು ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಏರಿಕೆಗೆ 0.012 ಮಿಲಿಮೀಟರ್ ಹಿಗ್ಗಿದರೆ, ಪಿ.ವಿ.ಸಿ. ಸುಮಾರು 0.06 ಮಿಲಿಮೀಟರ್ ಹಿಗ್ಗುತ್ತದೆ. ಪುಷ್ಯಮಾಸದ ಮುಂಜಾವಿನ ಚಳಿಗೂ ಒಲೆ ಉರಿದ ಮೇಲಿನ ಬಿಸಿಗೂ 25 ಡಿಗ್ರಿ ಅಂತರವೆಂದಿಟ್ಟುಕೊಂಡರೆ, ಎರಡು ಮೀಟರ್ ಎತ್ತರದ ಕದವು 3 ಮಿಲಿಮೀಟರ್ ಬೆಳೆಯುತ್ತದೆ. ಎರಡನೆಯದು, ಸುಮಾರು 80 ಡಿಗ್ರಿ ಶಾಖದಲ್ಲಿ ಅದು ಮೆತ್ತಗಾಗುತ್ತದೆ. ಒಲೆಯ ಬಾಯಿಗೆ ಹತ್ತಿರವಿರುವ ಕದವು ಸೊಟ್ಟಗಾಗುವುದು ಇದರಿಂದಲೇ. ಮೂರನೆಯದು, ಬಹುಕಾಲ ಒತ್ತಡದಲ್ಲಿರುವ ಪ್ಲಾಸ್ಟಿಕ್ಕು ಮುರಿಯದೆಯೇ ಮೆಲ್ಲಮೆಲ್ಲನೆ ಸರಿದು ಆಕಾರವನ್ನು ಬದಲಿಸುತ್ತದೆ. ಇಂದು ಬಿಗಿಯಾಗಿ ತಿರುಗಿಸಿದ ತಿರುಪು ಮೊಳೆ ಮುಂದಿನ ವರ್ಷ ಸಡಿಲವಾಗಿರುತ್ತದೆ.

ಹಿಡಿಕೆಯೆಂಬ ಸನ್ನೆ

ಹಿಡಿಕೆಯು ಒಂದು ಸನ್ನೆ. ಅದನ್ನು ಕೆಳಕ್ಕೆ ಒತ್ತಿದಾಗ ಕದದ ಒಳಗಿನ ಚೌಕ ಸರಳು ತಿರುಗುತ್ತದೆ. ಸರಳು ನಾಲಗೆಯನ್ನು ಒಳಕ್ಕೆ ಎಳೆಯುತ್ತದೆ. ಕೈ ಬಿಟ್ಟೊಡನೆ ಸ್ಪ್ರಿಂಗು ನಾಲಗೆಯನ್ನು ಮತ್ತೆ ಹೊರದೂಡುತ್ತದೆ. ಹಿಡಿಕೆಯ ಉದ್ದ 12 ಸೆಂಟಿಮೀಟರ್, ನಾವು ಹಾಕುವ ಬಲ 20 ನ್ಯೂಟನ್, ಅಂದರೆ ಸುಮಾರು ಎರಡು ಕಿಲೋಗ್ರಾಂ ತೂಕದಷ್ಟು ಎಂದುಕೊಳ್ಳೋಣ. ಬಲವನ್ನು ದೂರದಿಂದ ಗುಣಿಸಿದರೆ ಬರುವ ಭ್ರಾಮಕ 2.4 ನ್ಯೂಟನ್-ಮೀಟರ್. ಇದನ್ನು ಹೊರಬೇಕಾದ ಚೌಕ ಸರಳಿನ ಬದಿ 8 ಮಿಲಿಮೀಟರ್, ಮೂಲೆಯಿಂದ ಮೂಲೆಗೆ 11.3 ಮಿಲಿಮೀಟರ್. ಎದುರುಬದುರಿನ ಎರಡು ಮೂಲೆಗಳೇ ಈ ಭಾರವನ್ನು ಹೊತ್ತರೆ ಒಂದೊಂದರ ಮೇಲೂ ಬೀಳುವ ಬಲ ಸುಮಾರು 210 ನ್ಯೂಟನ್. ಕೈಬಲದ ಹತ್ತು ಪಟ್ಟಿಗೂ ಹೆಚ್ಚು! ಹಿಡಿಕೆಯ ಗೂಡು ಪ್ಲಾಸ್ಟಿಕ್ಕಿನದಾದರೆ ಅದರ ಚೌಕ ತೂತಿನ ಮೂಲೆಗಳು ಸವೆದು ದುಂಡಗಾಗುತ್ತವೆ. ಆಗ ಹಿಡಿಕೆ ಮಾತ್ರ ತಿರುಗುತ್ತದೆ, ಸರಳು ತಿರುಗದು.

ಇನ್ನು ತಿರುಪು ಮೊಳೆಗಳ ಪಾಡು. ಗಟ್ಟಿ ಮರದಲ್ಲಿ 25 ಮಿಲಿಮೀಟರ್ ಇಳಿದ ಮೊಳೆಯನ್ನು ಹತ್ತಕ್ಕೂ ಹೆಚ್ಚು ಸುತ್ತುಗಳು ಹಿಡಿದಿರುತ್ತವೆ. ಅಗ್ಗದ ಪಿ.ವಿ.ಸಿ. ಕದವಾದರೋ ಒಳಗೆ ಪೊಳ್ಳು. ಅದರ ಗೋಡೆಯ ದಪ್ಪ ಒಂದೆರಡು ಮಿಲಿಮೀಟರ್. ಅಲ್ಲಿ ಮೊಳೆಗೆ ದೊರೆಯುವ ಹಿಡಿತ ಒಂದು ಸುತ್ತಿನದು. ಹಿಡಿಕೆಗೆ ಒದ್ದೆ ಬಟ್ಟೆಯನ್ನೋ ತುಂಬಿದ ತಂಬಿಗೆಯನ್ನೋ ತೂಗುಹಾಕುವ ಮನೆಯಲ್ಲಿ ಆ ಒಂದು ಸುತ್ತು ಎಷ್ಟು ದಿನ ತಡೆದೀತು?

ದೋಷವಿರುವುದು ಎಲ್ಲಿ?

ಬೀಗ ಕೆಟ್ಟಿತೆಂದೊಡನೆ ಹೊಸ ಬೀಗವನ್ನು ಕೊಳ್ಳುವುದು ರೂಢಿ. ಆದರೆ ಬೀಗದ ದೋಷವೆಂದು ತೋರುವುದು ಎಷ್ಟೋ ವೇಳೆ ಕದದ ದೋಷವಾಗಿರುತ್ತದೆ. ಇದನ್ನು ತಿಳಿಯಲು ಒಂದು ಸುಲಭ ಪರೀಕ್ಷೆಯುಂಟು. ಕದವನ್ನು ತೆರೆದಿಟ್ಟು ಹಿಡಿಕೆಯನ್ನು ಹತ್ತು ಬಾರಿ ಒತ್ತಿ ಬಿಡಿರಿ. ನಾಲಗೆಯು ಸಲೀಸಾಗಿ ಒಳಸರಿದು ಹೊರಬರುತ್ತಿದ್ದರೆ ಬೀಗ ನಿರ್ದೋಷಿ. ಕದ ಮುಚ್ಚಿದಾಗ ಮಾತ್ರ ತೊಡಕಾಗುತ್ತಿದ್ದರೆ, ನಾಲಗೆಯೂ ದಾರಂದದ ತಗಡಿನ ಕಿಂಡಿಯೂ ಒಂದಕ್ಕೊಂದು ಎದುರಾಗಿಲ್ಲವೆಂದು ಅರ್ಥ.

ನಾಲಗೆಯ ತುದಿಗೆ ಕುಂಕುಮವನ್ನೋ ದೀಪದ ಮಸಿಯನ್ನೋ ಹಚ್ಚಿ ಕದವನ್ನು ಮುಚ್ಚಿರಿ. ತಗಡಿನ ಮೇಲೆ ಮೂಡಿದ ಗುರುತೇ ತಪ್ಪಿನ ದಿಕ್ಕನ್ನೂ ಅಳತೆಯನ್ನೂ ಹೇಳುತ್ತದೆ. ಗುರುತು ಕಿಂಡಿಯ ಕೆಳಗೆ ಬಿದ್ದಿದ್ದರೆ ಕದ ಇಳಿದಿದೆ. ಮೇಲಿನ ಕೀಲಿಗೂ ಕೆಳಗಿನ ಕೀಲಿಗೂ 150 ಸೆಂಟಿಮೀಟರ್ ಅಂತರ, ಕದದ ಅಗಲ 75 ಸೆಂಟಿಮೀಟರ್ ಆಗಿದ್ದಲ್ಲಿ, ಮೇಲಿನ ಕೀಲು 4 ಮಿಲಿಮೀಟರ್ ಸಡಿಲವಾದರೆ ನಾಲಗೆಯು 2 ಮಿಲಿಮೀಟರ್ ಕೆಳಗಿಳಿಯುತ್ತದೆ. ನಾಲಗೆ ಸಿಕ್ಕಿಕೊಳ್ಳಲು ಇಷ್ಟು ಸಾಕು. ಆಗ ಬಿಗಿಮಾಡಬೇಕಾದುದು ಕೀಲನ್ನು. ತಪ್ಪು ಅಲ್ಪವಾಗಿದ್ದರೆ ತಗಡಿನ ಕಿಂಡಿಯನ್ನು ಅರದಿಂದ ಉಜ್ಜಿ ಹಿಗ್ಗಿಸಿದರೂ ಆದೀತು. ಚಳಿಗಾಲದಲ್ಲಿ ಈ ಕೆಲಸ ಮಾಡುವವರು ಬಿಸಿಗೆ ಕದ ಹಿಗ್ಗಲು ಒಂದೆರಡು ಮಿಲಿಮೀಟರ್ ಎಡೆ ಬಿಡತಕ್ಕದ್ದು.

ಕದ ತೆರೆದಿರುವಾಗಲೂ ನಾಲಗೆ ಸಿಕ್ಕಿಕೊಳ್ಳುತ್ತಿದ್ದರೆ ದೋಷ ಬೀಗದೊಳಗಿದೆ: ತುಕ್ಕು, ಕೊಳೆ ಅಥವಾ ಮುರಿದ ಸ್ಪ್ರಿಂಗು. ಬೀಗವನ್ನು ಬಿಚ್ಚಿ, ಒರಸಿ, ಒಣಗಿಸಿ, ನಾಲಗೆಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದೆರಡು ಹನಿ ಬಿಡಬೇಕು. ಮನೆಯಲ್ಲಿ ಕೈಗೆ ಸಿಗುವುದು ತೆಂಗಿನೆಣ್ಣೆ. ಆದರೆ ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಘಟ್ಟದ ಮೇಲಿನ ಚಳಿಗಾಲದ ಮುಂಜಾವಿನಲ್ಲಿ ಅದು ಬೀಗದೊಳಗೆ ಧೂಳಿನೊಡನೆ ಸೇರಿ ಮೇಣದಂತಾಗುತ್ತದೆ. ಬೀಗದ ಕೈ ತೂರುವ ತೂತಿಗೆ ಯಾವ ಎಣ್ಣೆಯೂ ಬೇಡ. ಪೆನ್ಸಿಲಿನ ಸೀಸವನ್ನು ಉಜ್ಜಿ ತೆಗೆದ ಗ್ರಾಫೈಟ್ ಪುಡಿ ಸಾಕು. ಅದರ ಪದರಗಳು ಒಂದರ ಮೇಲೊಂದು ಜಾರಿ ಘರ್ಷಣೆಯನ್ನು ತಗ್ಗಿಸುತ್ತವೆ.

ದುರಸ್ತಿ ಮತ್ತು ಬದಲಾವಣೆ

ಸಡಿಲವಾದ ಹಿಡಿಕೆಗೆ ಇನ್ನೂ ದಪ್ಪನೆಯ ಮೊಳೆಯನ್ನು ಹೊಡೆಯುವುದು ಪರಿಹಾರವಲ್ಲ. ತೂತು ಮತ್ತಷ್ಟು ದೊಡ್ಡದಾಗುತ್ತದೆ. ಕದದ ಈ ಬದಿಯಿಂದ ಆ ಬದಿಗೆ ಬೋಲ್ಟನ್ನು ಹಾಯಿಸಿ, ಎರಡೂ ಕಡೆ ಅಗಲವಾದ ವಾಷರ್ ಇಟ್ಟು ನಟ್ಟನ್ನು ಬಿಗಿಯಬೇಕು. 4 ಮಿಲಿಮೀಟರ್ ದಪ್ಪದ ಬೋಲ್ಟಿನ 8 ಮಿಲಿಮೀಟರ್ ತಲೆಯು ಸುಮಾರು 38 ಚದರ ಮಿಲಿಮೀಟರ್ ಜಾಗವನ್ನು ಒತ್ತಿದರೆ, 20 ಮಿಲಿಮೀಟರ್ ವ್ಯಾಸದ ವಾಷರು ಸುಮಾರು 300 ಚದರ ಮಿಲಿಮೀಟರ್ ಜಾಗವನ್ನು ಒತ್ತುತ್ತದೆ. ಬಲ ಅಷ್ಟೇ ಇದ್ದರೂ ಒತ್ತಡ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಪೊಳ್ಳು ಗೋಡೆಗಳು ಒಳಕ್ಕೆ ಕುಸಿಯದಂತೆ ಬೋಲ್ಟಿನ ಸುತ್ತ ಒಂದು ಲೋಹದ ಕೊಳವೆಯನ್ನೋ, ವಾರ್ನಿಷ್ ಬಳಿದ ಗಟ್ಟಿ ಮರದ ತುಂಡನ್ನೋ ಇಡಬೇಕು. ಬೋಲ್ಟು, ವಾಷರುಗಳು ತುಕ್ಕು ಹಿಡಿಯದ ಸ್ಟೀಲಿನವಾಗಿರಲಿ.

ಚೌಕ ತೂತು ದುಂಡಗಾಗಿದ್ದರೆ, ಸ್ಪ್ರಿಂಗು ಮುರಿದಿದ್ದರೆ ಹೊಸದನ್ನೇ ತರಬೇಕು. ಅಂಗಡಿಗೆ ಹೋಗುವ ಮುನ್ನ ಕದದ ದಪ್ಪವನ್ನು, ಅದರಲ್ಲಿ ಕೊರೆದ ತೂತಿನ ವ್ಯಾಸವನ್ನು, ಕದದ ಅಂಚಿನಿಂದ ತೂತಿನ ನಡುವಿಗಿರುವ ದೂರವನ್ನು ಅಳೆದುಕೊಳ್ಳಿರಿ. ಗುಂಡು ಹಿಡಿಕೆಯ ಬೀಗಗಳಲ್ಲಿ ಈ ದೂರ ಸಾಮಾನ್ಯವಾಗಿ 60 ಅಥವಾ 70 ಮಿಲಿಮೀಟರ್. ಇಂತಹ ಬೀಗಗಳಲ್ಲಿ ಬಹುಪಾಲು 35ರಿಂದ 45 ಮಿಲಿಮೀಟರ್ ದಪ್ಪದ ಮರದ ಕದಕ್ಕೆಂದು ಮಾಡಿದವು, ತೆಳುವಾದ ಪಿ.ವಿ.ಸಿ. ಕದದಲ್ಲಿ ಅವು ಮೊದಲ ದಿನದಿಂದಲೇ ಅಲುಗಾಡುತ್ತವೆ. ಹೊರಗಿನಿಂದ ನಾಣ್ಯವನ್ನೋ ಕಡ್ಡಿಯನ್ನೋ ತೂರಿಸಿ ಬಿಡಿಸಬಹುದಾದ ಕಿಂಡಿಯುಳ್ಳ ಬೀಗವನ್ನೇ ಆರಿಸಿರಿ. ಅದನ್ನು ಬಿಡಿಸುವ ಬಗೆಯನ್ನು ಮನೆಯವರೆಲ್ಲರಿಗೂ ತೋರಿಸಿರಿ. ಒಳಗಿನ ಚಿಲಕವನ್ನು ಚಿಕ್ಕ ಮಕ್ಕಳ ಕೈಗೆ ನಿಲುಕದ ಎತ್ತರದಲ್ಲಿಡುವುದು ಲೇಸು.

ಕೊನೆಯದಾಗಿ ಒಂದು ಎಚ್ಚರಿಕೆ. ಕಳಚಿದ ಹಳೆಯ ಕದವನ್ನಾಗಲಿ ಅದರ ಚೂರುಗಳನ್ನಾಗಲಿ ಹಂಡೆಯ ಒಲೆಗೆ ಹಾಕಬಾರದು. ಶುದ್ಧ ಪಿ.ವಿ.ಸಿ.ಯ ತೂಕದಲ್ಲಿ ಶೇಕಡ 57ರಷ್ಟು ಕ್ಲೋರಿನ್. ಅದು ಸುಟ್ಟಾಗ ಕಣ್ಣನ್ನೂ ಶ್ವಾಸಕೋಶವನ್ನೂ ಸುಡುವ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ. ಡಯಾಕ್ಸಿನ್ ಎಂಬ ಘೋರ ವಿಷಗಳೂ ಹುಟ್ಟುತ್ತವೆ. ಹಳೆಯ ಕದವನ್ನು ಗುಜರಿಗೆ ಕೊಡಬಹುದು. ಹಿಡಿಕೆಯನ್ನು ಹಿಂದಿಗಿಂತ ಬಲವಾಗಿ ಕೂರಿಸಿ ಅದೇ ಕದವನ್ನು ಇನ್ನಷ್ಟು ವರ್ಷ ಬಳಸಿದರೆ ಅದಕ್ಕಿಂತಲೂ ಮೇಲು. ನಿಮ್ಮ ಮನೆಯ ಬಚ್ಚಲ ಬಾಗಿಲಿನ ಹಿಡಿಕೆ ಈಗಲೇ ಅಲುಗಾಡುತ್ತಿದ್ದರೆ, ಈ ಭಾನುವಾರವೇ ಕುಂಕುಮದ ಪರೀಕ್ಷೆಯನ್ನು ಮಾಡಿ ನೋಡಿರಿ.